ಅವ್ವ ಕಳಿಸಿದ ನೀರು

ಪಾಪಕ್ಕನ ಫೋನು ಬಂದಾಗ ಹರಿತಾ ರಾಯದುರ್ಗದ ಮನೆಯಲ್ಲಿ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕಾಫಿ ಆರಿಸಿಕೊಳ್ಳುತ್ತಿದ್ದಳು. ಹೊಸ್ತಿಲ ಮೇಲೆ ಕೂಡಬಾರದೆಂದು ಅವ್ವ ಆಗಲೇ ಗದರಿಸಿಯಾಗಿತ್ತು. ಹಿಂದಿನ ದಿನ ಇಬ್ಬರೂ ನೇಮಕಲ್ಲಿಗೆ ಹೋಗಿ ಆಂಜನೇಯನಿಗೆ ಎಲೆಪೂಜೆ ಮಾಡಿಸಿಕೊಂಡು ಬಂದಿದ್ದರು. ಹರಕೆ ಅವ್ವನದು, ಮಗಳು ಮಾಡಿದ, ನೀರು ಸೋಸುವ ರೇಷ್ಮೆ ಸ್ಪಂಜಿಗೆ ಪೇಟೆಂಟು ಸಿಗಲೆಂದು ಹೊತ್ತದ್ದು. ಪೇಟೆಂಟು ಅಂದರೆ ತಿನ್ನುವುದೋ ಉಡುವುದೋ ಅವ್ವ ಬನಶಂಕರಮ್ಮನಿಗೆ ಗೊತ್ತಿರಲಿಲ್ಲ; ಆದರೆ ಮಗಳು ಬೇಕು ಅಂದಮೇಲೆ ಆಂಜನೇಯ ಕೊಡಲೇಬೇಕು, ಕೊಟ್ಟಿದ್ದ. ಹರಿತಾಳ ಹಣೆಯ ಮೇಲೆ ಒಣಗಿದ ಸಿಂಧೂರ ತುರಿಸುತ್ತಿತ್ತು. ಒಳ್ಳೆಯದೆಲ್ಲ ಆಗಿಹೋದ ಮಾರನೆಯ ಬೆಳಿಗ್ಗೆ ಮನಸ್ಸಿಗೆ ಯಾಕೆ ಇಷ್ಟು ಕಸಿವಿಸಿ ಎಂದು ಅವಳು ಯೋಚಿಸುತ್ತಿರುವಾಗಲೇ ಫೋನಿನ ಮೇಲೆ ಪಾಪಕ್ಕನ ಹೆಸರು ಬಂತು. ಮಡಕಶಿರದ ಆಚೆ, ಹೇಮಾವತಿಯ ಹತ್ತಿರದ ಹಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಹೆಂಗಸು. ಹರಿತಾ ಅನಂತಪುರದಲ್ಲಿ ಸಂಶೋಧನೆಗೆ ಸೇರಿದಾಗಿನಿಂದ ಅವಳ ಲ್ಯಾಬಿನ ರೇಷ್ಮೆಯೆಲ್ಲ ಪಾಪಕ್ಕನ ಮನೆಯ ಗೂಡೇ.

"ಹುಳ ಸೊಪ್ಪು ಮುಟ್ತಾ ಇಲ್ಲ ಕಣಮ್ಮ," ಎಂದಳು ಪಾಪಕ್ಕ, ಕ್ಷೇಮ ಸಮಾಚಾರ ಏನೂ ಇಲ್ಲದೆ. "ನಾಕನೇ ಜ್ವರ ಎದ್ದು, ಪೊರೆ ಬಿಟ್ಟು, ಗಬಗಬಾ ತಿನ್ನೋ ಹೊತ್ನಾಗೆ ತಲೆ ಎತ್ಕಂಡು ಸುಮ್ನೆ ಬಿದ್ದವೆ. ಹುಳದ ಮನೆ ಒಳಗೆ ಸದ್ದೇ ಇಲ್ಲ. ಅರ್ಧಕ್ಕರ್ಧ ಕಪ್ಪಾಗಿ ಹೋದವು."

"ನೀರಿನಿಂದ ಏನೂ ಆಗಿರೋದಿಲ್ಲ ಪಾಪಕ್ಕ," ಎಂದಳು ಹರಿತಾ. "ನೀರನ್ನು ನಾನೇ ಪರೀಕ್ಷೆ ಮಾಡಿದ್ದೀನಲ್ಲ."

"ನಾನೆಲ್ಲಮ್ಮ ನೀರು ಅಂದೆ?" ಎಂದಳು ಪಾಪಕ್ಕ. "ನೀನು ನೋಡಿದ ನೀರಿಗೆ ನಾನು ಬೆಟ್ಟು ಮಾಡಿ ತೋರಿಸ್ತೀನಾ? ನಮ್ಮನೇದೇ ದೋಸ. ಫೋನ್ನಾಗೆ ಹೇಳೋ ಮಾತಲ್ಲ. ಬಿಡುವಾದ್ರೆ ಒಂದು ಗಳಿಗೆ ಬಂದೋಗು ತಾಯಿ, ಎದೆ ಹೊಡ್ಕಂತೈತೆ."

ಫೋನು ಇಟ್ಟಮೇಲೆ ಹರಿತಾಳಿಗೆ ನಾಚಿಕೆಯಾಯಿತು. ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳಿಬಿಟ್ಟಿದ್ದಳು. ಪಾಪಕ್ಕನ ತೋಟದ ಪಕ್ಕಕ್ಕೆ ಎರಡು ತಿಂಗಳ ಹಿಂದೆ ಜೀನ್ಸ್ ಒಗೆಯುವ ಹೊಸ ಯೂನಿಟ್ಟು ಬಂದಿತ್ತು. ರಾಯದುರ್ಗದಲ್ಲಿ ಹೊಲಿದ ಪ್ಯಾಂಟುಗಳು ಅಲ್ಲಿಗೆ ಹೋಗಿ, ಕಲ್ಲು ಹಾಕಿ ಉರುಳಿಸಿಕೊಂಡು, ಬಣ್ಣ ಬಿಟ್ಟು, ಹಳೆಯದರ ಹಾಗೆ ಕಾಣುವ ಹೊಸ ಪ್ಯಾಂಟುಗಳಾಗಿ ಬರುತ್ತಿದ್ದವು. ಒಗೆದ ನೀರನ್ನು ತಮ್ಮ ಹೊಲದ ಕಡೆ ಬಿಡಿಸಿಕೊಳ್ಳಲು ಊರಲ್ಲಿ ಒಬ್ಬರೂ ಒಪ್ಪಲಿಲ್ಲ. ಪಾಪಕ್ಕ ಒಪ್ಪಿದಳು. ಯೂನಿಟ್ಟಿನ ನೀರು ಹೊರಬೀಳುವ ಬಾಯಿಗೆ ಹರಿತಾಳ ರೇಷ್ಮೆ ಸ್ಪಂಜು ಕೂರಿಸಿತ್ತು. ಸ್ಪಂಜು ದಾಟಿದ ನೀರಿನಲ್ಲಿ ವಿಷವಿಲ್ಲ ಎಂದು ಹರಿತಾ ಹೇಳಿದ್ದಳು. ಆ ಸ್ಪಂಜು ಪಾಪಕ್ಕನ ಗೂಡಿನಿಂದಲೇ ಆದದ್ದು. ಇನ್ನೇನು ಬೇಕು? ನನ್ನ ಗೂಡು ನೀರಿಗೆ ಔಷಧಿ ಆಗೈತಂತೆ ಎಂದು ಪಾಪಕ್ಕ ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದಳಂತೆ.

ಕಾಫಿ ಕುಡಿದರೆ ನಾಲಗೆ ಒಗರೊಗರು. ಅವ್ವ ಕೊಡದೊಳಗೆ ಮೊಣಕೈವರೆಗೆ ಕೈಯಿಟ್ಟು ಪಟಿಕ ತಿರುವುತ್ತಿದ್ದಳು. ಮೇಲೆ ಎಲ್ಲೋ ಮಳೆಯಾಗಿ ನಲ್ಲಿಯಲ್ಲಿ ಕಾಲುವೆಯ ಕೆಂಪು ನೀರು ಬರುತ್ತಿತ್ತು. ಇಂಥ ದಿನಗಳಲ್ಲಿ ಓಣಿಯ ಎಲ್ಲ ಮನೆಗಳಲ್ಲೂ ಇದೇ ಕೆಲಸ. ಕಲ್ಲುಸಕ್ಕರೆಯಂಥ ಬಿಳಿಯ ಗಟ್ಟಿಯನ್ನು ನೀರಿನಲ್ಲಿ ನಾಲ್ಕು ಸುತ್ತು ತಿರುವಿ ಬಿಟ್ಟರೆ ಮಣ್ಣೆಲ್ಲ ತಳಕ್ಕೆ ಇಳಿಯುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಹರಿತಾ ಹುಟ್ಟಿದಾಗಿನಿಂದ ನೋಡಿದ ಕೈ ಅದು, ನೋಡಿ ನೋಡಿಯೇ ಕಣ್ಣಿಗೆ ಕಾಣಿಸದೇ ಹೋದ ಕೈ.

"ಎಷ್ಟ್ ತಿರುವ್ತೀ ಬೇ ಅವ್ವ, ಕಾಫಿಯೆಲ್ಲ ಒಗರಾಗೈತಿ."

"ಇದೇನ್ ಬಿಡು," ಎಂದಳು ಬನಶಂಕರಮ್ಮ, ಕೈ ತೆಗೆಯದೆ. "ನಿನ್ನ ಕ್ಯಾನಿಗೆ ಇದರ ನಾಕ್ ಪಟ್ಟು ತಿರುವ್ತಿದ್ದೆ. ಆ ನೀಲಿ ಅಷ್ಟು ಸುಲಭಕ್ಕ ಇಳೀತಿದ್ದಿಲ್ಲ, ಸುಡುಗಾಡು."

ಹರಿತಾ ಲೋಟವನ್ನು ತುಟಿಯ ಹತ್ತಿರವೇ ಹಿಡಿದುಕೊಂಡಿದ್ದಳು. "ಯಾವ ಕ್ಯಾನು?"

"ಯಾವ ಕ್ಯಾನು ಅಂದ್ರ? ನಿಮ್ಮಪ್ಪಾರ ಜೀನ್ಸ್ ಒಗಿಯೋ ಯೂನಿಟ್ಟಿನ ನೀರು ಕಳಿಸ್ತಿದ್ದೆನಲ್ಲವ್ವ, ಬಸ್ಸಿಗೆ ಹಾಕಿ. ನಿನ್ನ ಓದಿಗೆ."

"ಅದಕ್ಕ ಪಟಿಕ ಹಾಕಿದ್ಯಾ?"

"ಹಾಕದನ ಮತ್ತ?" ಅವ್ವ ಈಗ ತಿರುಗಿ ನೋಡಿದಳು, ಮುಖದಲ್ಲಿ ಹೆಮ್ಮೆಯೇ ಇತ್ತು. "ಹೊಲಸು ನೀರು ಹಂಗೇ ಕಳಿಸಾಕ ಬರ್ತೈತೇನು? ಮುದ್ದಪ್ಪನ ಮಗಳು ಗಟಾರದ ನೀರು ಹೊತ್ಕಂಡು ಬಂದಾಳ ಅಂತ ನಾಕ್ ಮಂದಿ ಮೂಗು ಮುಚ್ಕಬೇಕೇನು? ಸಂಜೀಕ ತಿರುವಿ ಇಡ್ತಿದ್ದೆ. ಮುಂಜಾನಿಗೆ ಮಡ್ಡಿ ಎಲ್ಲ ತಳಕ್ಕ ಕುಂತಿರ್ತಿತ್ತು. ಮ್ಯಾಲಿನ ತಿಳಿ ನಿಮ್ಮಪ್ಪಾರ ಹಳೇ ಪಂಚಿ ಮಡಿಕಿ ಮಾಡಿ ಸೋಸಿ ತುಂಬ್ತಿದ್ದೆ. ನೀನೇ ಅಲ್ಲೇನು ಅತ್ತಿದ್ದು ಫೋನ್ನಾಗ, ಎಲ್ಲಾರು ಮೂಗು ಮುಚ್ಕಂಡ್ರು ಅಂತ?"

ಅತ್ತಿದ್ದಳು. ಹೌದು. ಮೊದಲ ಕ್ಯಾನು ಬಸ್ಸಿನಲ್ಲಿ ಸೋರಿ, ಯಾರದೋ ಮದುವೆಯ ಬಟ್ಟೆಗಂಟಿಗೆ ನೀಲಿ ಹತ್ತಿ, ಕಂಡಕ್ಟರು ನಿಲ್ದಾಣದ ನಡುವೆಯೇ ಅವಳನ್ನು ನಿಲ್ಲಿಸಿಕೊಂಡು ತೆಲುಗಿನಲ್ಲಿ ಉಗಿದಿದ್ದ. ಲ್ಯಾಬಿಗೆ ತಂದು ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ನಾತ. ಜೊತೆಯ ಹುಡುಗಿ ವಿಜಯಲಕ್ಷ್ಮಿ ದುಪಟ್ಟಾ ಮೂಗಿಗೆ ಒತ್ತಿಕೊಂಡು, ನಿಮ್ಮ ಮನೇಲಿ ಇದರ ನಡುವೆನೇ ಊಟ ಮಾಡ್ತೀರಾ ಎಂದು ಕೇಳಿದ್ದಳು. ಕೆಟ್ಟ ಮನಸ್ಸಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದಳು, ಅದೇ ಹೆಚ್ಚು ಚುಚ್ಚಿತ್ತು. ಅವತ್ತು ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಉಗುರಿನ ಸಂದಿಯ ನೀಲಿಯನ್ನು ಕಡ್ಡಿಯಿಂದ ಕೆರೆಯುತ್ತ ಅವ್ವನಿಗೆ ಫೋನು ಮಾಡಿ ಅತ್ತಿದ್ದು ನಿಜ. ಮುಂದಿನ ವಾರದಿಂದ ಕ್ಯಾನಿನ ನೀರು ಅಷ್ಟು ನಾರುತ್ತಿರಲಿಲ್ಲ. ಅಬ್ಬಾ, ಸದ್ಯ, ಅಂದುಕೊಂಡಿದ್ದಳು. ಅಷ್ಟೇ. ಯಾಕೆ ನಾರುತ್ತಿಲ್ಲ ಎಂದು ಕೇಳಲಿಲ್ಲ. ಸಂಶೋಧಕಿಯಂತೆ! ನೀರಿನ ನಾತ ಬದಲಾದರೆ ಮೊದಲು ನೀರನ್ನು ಅನುಮಾನಿಸಬೇಕಾದವಳು ದೇವರಿಗೆ ಕೈ ಮುಗಿದು ಸುಮ್ಮನಾಗಿದ್ದಳು.

ಅವಳ ಕೆಲಸವೆಲ್ಲ ಆ ಕ್ಯಾನುಗಳ ಮೇಲೆ ನಿಂತಿತ್ತು. ಬೆರಳುಗುರಿನಷ್ಟು ಅಗಲದ ಪಾರದರ್ಶಕ ಬಿಲ್ಲೆ, ಲ್ಯಾಬಿನಲ್ಲಿ ಚಿಪ್ಪು ಅನ್ನುವುದು, ಅದರೊಳಗೆ ಕೂದಲಿಗಿಂತ ಸಪೂರ ಕಾಲುವೆಗಳು, ಕಾಲುವೆಯ ತಳಕ್ಕೆ ರೇಷ್ಮೆಯ ಪೊರೆ, ಪೊರೆಯ ಮೇಲೆ ಮೀನಿನ ಕಿವಿರಿನ ಜೀವಕೋಶಗಳು. ನೀರು ಹರಿಸಿದರೆ ಬದುಕಿದ ಕೋಶ ಹಸಿರಾಗಿ ಹೊಳೆಯುತ್ತದೆ, ಸತ್ತದ್ದು ಕೆಂಪಗೆ. ರಾಯದುರ್ಗದ ನೀರನ್ನು ಹಾಗೇ ಹರಿಸಿದರೆ ಅರ್ಧ ಕೆಂಪು. ರೇಷ್ಮೆ ಸ್ಪಂಜಿನಿಂದ ದಾಟಿಸಿ ಹರಿಸಿದರೆ ಎಲ್ಲ ಹಸಿರು. ಮೊದಲ ಸಲ ಆ ಹಸಿರು ಕಂಡಾಗ ಕತ್ತಲ ಕೋಣೆಯಲ್ಲಿ ಒಬ್ಬಳೇ ಕೂತು ನಕ್ಕಿದ್ದಳು. ಸ್ಪಂಜು ಎಷ್ಟು ದಿನ ಬಾಳುತ್ತದೆ ಎಂದು ನೋಡಲು ಅದೇ ಕ್ಯಾನುಗಳ ನೀರನ್ನು ಹರಿಸುತ್ತಲೇ ಹೋದಳು. ಬಾಳಿತು, ಬಾಳಿತು, ಬಾಳುತ್ತಲೇ ಇತ್ತು. ಮೂರು ತಿಂಗಳಿಗೊಮ್ಮೆ ಬದಲಿಸಿದರೆ ಸಾಕು ಎಂದು ಬರೆದಳು. ಬಾಳದೇ ಏನು? ವಿಷದ ಬಹುಪಾಲು ರಾಯದುರ್ಗದ ಹಿತ್ತಲಲ್ಲೇ, ಅವ್ವನ ಬಕೆಟ್ಟಿನ ತಳದಲ್ಲೇ, ಮಡ್ಡಿಯಾಗಿ ಉಳಿಯುತ್ತಿತ್ತು. ಸ್ಪಂಜಿಗೆ ಬರುತ್ತಿದ್ದದ್ದು ಎಂಜಲು. ಯೂನಿಟ್ಟಿನ ನಿಜವಾದ ನೀರಿಗೆ ಅದು ಒಂದು ವಾರಕ್ಕೆ ತುಂಬಿಹೋಗಿರುತ್ತದೆ. ಸ್ಪಂಜು ಹೊಸದಿದ್ದಾಗ ಅಲ್ಲಿಗೆ ಹೋಗಿ ನೋಡಿದಾಗ ಎಲ್ಲ ಹಸಿರು, ಫೋಟೊ, ಹಾರ. ಆಮೇಲೆ ಅಷ್ಟೂ ದಿನ ಪಾಪಕ್ಕನ ತೋಟಕ್ಕೆ ಹೋದದ್ದು ಏನು?

"ಯಾಕವ್ವ? ಮಾರಿ ಯಾಕ ಹಂಗಾತು?" ಅವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಅವಳ ಗಲ್ಲ ಹಿಡಿದಳು. "ಪಟಿಕ ಏನು ಕೆಟ್ಟದ್ದಲ್ಲ ಬಿಡವ್ವ, ನಾವೆಲ್ಲ ಕುಡಿಯಂಗಿಲ್ಲೇನು? ಹೇಳಿದ್ದಿಲ್ಲೇನು ನಿನಗ ನಾನು?"

ಕೈ ತಣ್ಣಗಿತ್ತು, ಒಗರು ವಾಸನೆಯಿತ್ತು. ಹರಿತಾಳಿಗೆ ಒಂದೇ ಕ್ಷಣ ಆ ಕೈಯನ್ನು ಹೊಡೆದು ತಳ್ಳಬೇಕೆನ್ನಿಸಿತು. "ಏನಿಲ್ಲ ಬೇ," ಎಂದಳು. "ಮಡಕಶಿರಕ್ಕ ಹೋಗಿ ಬರ್ತೀನಿ."

"ತಿಂದು ಹೋಗು, ವಗ್ಗರಣಿ ಮಾಡೀನಿ."

ತಿಂದಳು. ಅದೇ ಅವಳಿಗೆ ಆಮೇಲೆ ಆಶ್ಚರ್ಯವಾದದ್ದು. ಎದುರಿಗೆ ಇಟ್ಟ ಮಂಡಕ್ಕಿ ವಗ್ಗರಣಿಯನ್ನು ಮೆಣಸಿನಕಾಯಿ ನಂಚಿಕೊಂಡು ಪೂರ್ತಿ ತಿಂದು, ತಟ್ಟೆ ತೊಳೆದಿಟ್ಟು ಹೊರಟಿದ್ದಳು.

ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸುವಾಗ ನಿಲ್ದಾಣದಲ್ಲಿ ಎಲ್ಲರೂ ಜೀನ್ಸ್ ಹಾಕಿಕೊಂಡಿದ್ದಾರೆ ಎನ್ನಿಸಿತು. ಕಡಲೆಕಾಯಿ ಮಾರುವವನು, ಮೂಟೆ ಹೊರುವವನು, ಗಂಡನ ಭುಜಕ್ಕೆ ಒರಗಿ ನಿದ್ದೆ ಹೋದ ಹುಡುಗಿ. ತೊಡೆಯ ಹತ್ತಿರ ಬೆಳ್ಳಗೆ ಸವೆದ ಹಾಗೆ ಕಾಣುವ ಆ ಗುರುತು ನಿಜವಾಗಿ ಸವೆದದ್ದಲ್ಲ, ಔಷಧಿ ಎರಚಿ ಸುಟ್ಟದ್ದು. ಅಪ್ಪನ ಯೂನಿಟ್ಟಿನಲ್ಲಿ ಬೂಟು ಹಾಕಿಕೊಂಡು ನೇರಳೆ ನೀರು ಎರಚುವವರನ್ನು ಹರಿತಾ ಚಿಕ್ಕವಳಿದ್ದಾಗ ಹೋಳಿ ಆಡುವವರೆಂದು ತಿಳಿದಿದ್ದಳು. ಆ ನೀರು ಎಲ್ಲಿ ಹೋಗುತ್ತದಪ್ಪ ಎಂದು ಕೇಳಿದರೆ ಮುದ್ದಪ್ಪ ನಕ್ಕು, ಮುಂದಕ್ಕ ಹೋಕ್ಕೈತಿ ಅಂದಿದ್ದ. ಆ ಮುಂದಕ್ಕೆ ಅನ್ನುವುದು ಎಲ್ಲಿ ಎಂದು ಹುಡುಕಿಕೊಂಡು ಹೋದದ್ದೇ ಅವಳ ಓದು, ಅವಳ ಕೆಲಸ, ಅವಳು ಮದುವೆ ಮುಂದೂಡಿದ್ದು, ಕಣ್ಣಿಗೆ ಕನ್ನಡಕ ಬಂದದ್ದು. ಈಗ ಗೊತ್ತಾಯಿತಲ್ಲ ಮುಂದಕ್ಕೆ ಅಂದರೆ ಎಲ್ಲಿ ಎಂದು. ಪಾಪಕ್ಕನ ತೋಟಕ್ಕೆ. ತೋರಿಸಿಕೊಟ್ಟವಳೂ ತಾನೇ. ಬಸ್ಸು ಹತ್ತಿ ಕೂತಮೇಲೆ ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು, ತನ್ನನ್ನೇ ನೋಡಿ ನಕ್ಕರೇನೋ ಎಂದು ಹರಿತಾ ತಿರುಗಿ ನೋಡಿದಳು. ಅವರು ಮೊಬೈಲು ನೋಡುತ್ತಿದ್ದರು.

ಗೊತ್ತಿರಲಿಲ್ಲ ಎಂದು ಹೇಳಲು ಬರುವಂತಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಬೇರೆ ಊರುಗಳವರು ಬರೆದದ್ದರಲ್ಲೆಲ್ಲ ಇಂಥ ನೀರಿಗೆ ಜೀವಕೋಶಗಳು ಪೂರ್ತಿ ಸಾಯುತ್ತಿದ್ದವು. ರಾಯದುರ್ಗದ ನೀರಿಗೆ ಮಾತ್ರ ಅರ್ಧ. ಅದು ಅವಳ ಕಣ್ಣಿಗೆ ಬಿದ್ದಿತ್ತು. ಕೈ ನಿಂತಿತ್ತು. ಗೈಡು ಪ್ರಸಾದ್ ಸರ್ ಕೇಳಿಯೂ ಕೇಳಿದ್ದರು, ಯಾಕಮ್ಮ ಇಷ್ಟು ಮೆತ್ತಗಿದೆ ನಿಮ್ಮೂರ ವಿಷ? ಆಗ ಅವಳು ಇಡೀ ರಾತ್ರಿ ಓದಿ ಒಂದು ಪ್ಯಾರಾ ಬರೆದಳು: ರಾಯದುರ್ಗದ ಸುಣ್ಣದಂಶದ ಮಣ್ಣು, ಚರಂಡಿಯಲ್ಲೇ ವಿಷ ಸ್ವಲ್ಪ ಕಟ್ಟಿಕೊಳ್ಳುವ ಸಾಧ್ಯತೆ, ಇತ್ಯಾದಿ. ಎಷ್ಟು ಚಂದದ ಪ್ಯಾರಾ! ಓದಿದವರೆಲ್ಲ ತಲೆದೂಗಿದರು. ಒಂದು ಫೋನು ಮಾಡಿ, ಅವ್ವ, ನೀರು ಹೆಂಗ ತುಂಬ್ತೀ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಅವ್ವ ಮುಚ್ಚಿಟ್ಟವಳೇ ಅಲ್ಲ. ಕೇಳುವುದು ಏನಿದೆ, ಅವ್ವ ತಾನೇ, ಚರಂಡಿಗೆ ಕ್ಯಾನು ಒಡ್ಡಿ ತುಂಬುತ್ತಾಳೆ ಎಂದುಕೊಂಡಿದ್ದಳು. ಹೊಲಸನ್ನು ಹೊಲಸಾಗಿಯೇ ಮಗಳ ಕೈಗೆ ಕೊಡುವುದು ಈ ಓಣಿಯ ಯಾವ ತಾಯಿಗೂ ಆಗದ ಕೆಲಸ ಎಂಬುದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕಿತ್ತು?

ಪಾವಗಡ ದಾಟಿದಮೇಲೆ ಪಾಪಕ್ಕನ ಊರಿನ ಯೂನಿಟ್ಟಿನ ಮ್ಯಾನೇಜರು ಚಿರಂಜೀವಿಗೆ ಫೋನು ಮಾಡಿದಳು. ಸ್ಪಂಜು ಹೇಗಿದೆ ಎಂದು ಕೇಳಿದರೆ, ಸೂಪರ್ ಮೇಡಂ, ಎಂದ. ಬಣ್ಣ ಹೇಗಿದೆ? "ಕಪ್ಪಗಿದೆ ಮೇಡಂ, ಕೆಲಸ ಮಾಡ್ತಾ ಇದೆಯಲ್ಲ, ಅದಕ್ಕೆ." ನೀರು ಬಿಡುವುದನ್ನು ಇವತ್ತೇ ನಿಲ್ಲಿಸಿ ಎಂದಾಗ ಅವನು ನಕ್ಕ. "ಏಂ ಮೇಡಂ, ಜೋಕಾ? ಸ್ಪಂಜು ಹಾಕಿ ಇನ್ನೂ ಮೂರು ತಿಂಗಳು ಆಗಿಲ್ಲ. ನಿಮ್ಮ ರಿಪೋರ್ಟೇ ಫ್ರೇಮ್ ಹಾಕಿಸಿ ಆಫೀಸ್ನಲ್ಲಿ ಇಟ್ಟಿದ್ದೀವಿ. ನಿಲ್ಸಬೇಕು ಅಂದ್ರೆ ಓನರಿಗೆ ಬರೆದು ಕೊಡಿ, ತಪ್ಪಾಗಿದೆ ಅಂತ." ಬರೀತೀನಿ ಎಂದಳು. ಮೊಬೈಲಿನಲ್ಲಿ ಬರೆಯಲು ತೊಡಗಿದಳು. ನನ್ನ ಸಂಶೋಧನೆಯಲ್ಲಿ, ಎಂದು ಬರೆದು ನಿಲ್ಲಿಸಿದಳು. ಇನ್ನೊಂದು ಸಲ ಪರೀಕ್ಷೆ ಮಾಡದೆ ಹೇಗೆ ಬರೆಯುವುದು? ಹುಳು ಸಾಯಲು ನೂರು ಕಾರಣ. ಸೆಕೆ, ಸುಣ್ಣಕಟ್ಟು ರೋಗ, ಪಕ್ಕದ ಹೊಲದವರು ಕಡಲೆಗಿಡಕ್ಕೆ ಹೊಡೆದ ಔಷಧಿ. ನೀರೇ ಎಂದು ಯಾರು ಹೇಳಿದರು? ಪಾಪಕ್ಕನೇ ಹೇಳಿಲ್ಲ. ಬರೆದದ್ದನ್ನು ಅಳಿಸಿದಳು. ಅಳಿಸಿದಾಗ ಎದೆ ಎಷ್ಟು ಹಗುರಾಯಿತೆಂದರೆ, ಆ ಹಗುರಕ್ಕೆ ಅವಳಿಗೇ ಗಾಬರಿಯಾಯಿತು.

ಪಾಪಕ್ಕನ ಮನೆಯ ಮುಂದೆ ಹುಣಸೆಮರದ ಕೆಳಗೆ ಒಂದು ಕರಿಕಲ್ಲು ಬಿದ್ದಿದೆ. ಹಳೆಯ ಯಾವುದೋ ಗುಡಿಯ ಕಂಬದ ತುಂಡು. ಆ ಕಡೆ ಇಂಥವು ಹೊಲ ಉಳುವಾಗ ಸಿಗುತ್ತವೆ, ಜನ ಅದರ ಮೇಲೆ ಕೂತು ಕೂತು ಕನ್ನಡಿಯಂತೆ ನುಣುಪಾಗಿಸಿದ್ದಾರೆ. ಅದರ ಮೇಲೆ ಈಗ ಪಾಪಕ್ಕನ ಸೊಸೆ ಮಮತಾ ಕೂತಿದ್ದಳು. ಬಟ್ಟೆಯ ಚೀಲ ಕಾಲ ಹತ್ತಿರ. ತಲೆ ಬಾಚಿರಲಿಲ್ಲ. ಪ್ರತಿ ಸಲ ಗೂಡು ಒಯ್ಯಲು ಬಂದಾಗ ಓಡಿ ಬಂದು, ಮೇಡಂ ಮೇಡಂ, ಮೀನಿನ ಜೀವ ಹೆಂಗೆ ಕಾಣ್ತೈತೆ ತೋರ್ಸಿ ಎಂದು ಫೋನಿನ ಫೋಟೊಗಳಿಗೆ ಮುಗಿಬೀಳುತ್ತಿದ್ದವಳು ಇವತ್ತು ಹರಿತಾ ಹತ್ತಿರ ಬಂದರೂ ಏಳಲಿಲ್ಲ, ಕೈಯನ್ನು ಮಾತ್ರ ಸೆರಗಿನೊಳಗೆ ಎಳೆದುಕೊಂಡಳು.

ಪಾಪಕ್ಕ ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದಳು. ಹರಿತಾ ಕಾಲು ತೊಳೆದುಕೊಂಡು ಒಳಗೆ ಇಣುಕಿದಳು. ತಟ್ಟೆಗಳಲ್ಲಿ ಸೊಪ್ಪು ಹಾಗೇ ಬಾಡಿತ್ತು. ಹುಳುಗಳು ಅರೆಮೈ ಎತ್ತಿ ಯಾವುದನ್ನೋ ಕಾಯುವಂತೆ ನಿಂತಿದ್ದವು. ಸತ್ತವು ಕಪ್ಪಾಗಿ ಎಲೆಗೆ ಅಂಟಿದ್ದವು. ಬಾಯಿಂದ ಹಸಿರು ನೀರು. ಅಷ್ಟು ದೊಡ್ಡ ಕೋಣೆಯಲ್ಲಿ ಒಂದು ಸಣ್ಣ ಸದ್ದೂ ಇರಲಿಲ್ಲ. ಚಿಪ್ಪಿನೊಳಗಿನ ಕೆಂಪನ್ನು ಎಷ್ಟೋ ಸಲ ನೋಡಿದ್ದಳು, ಎಣಿಸಿದ್ದಳು, ಗೆರೆ ಎಳೆದು ತೋರಿಸಿದ್ದಳು. ಅದಕ್ಕೆ ವಾಸನೆ ಇರಲಿಲ್ಲ. ಇಲ್ಲಿ ವಾಸನೆ ಬರುತ್ತಿತ್ತು.

"ನೋಡ್ದಾ ತಾಯಿ," ಎಂದಳು ಪಾಪಕ್ಕ. ಅತ್ತು ಅತ್ತು ದನಿ ಒಡೆದಿತ್ತು. "ನನ್ನ ಕೈನಾಗೆ ಒಂದು ಬೆಳೆ ಇಂಗಾಗಿರ್ಲಿಲ್ಲ. ಇವ್ಳು, ಈ ಮಾರಾಯ್ತಿ, ಹೊರಗಾಗಿದ್ಲು. ಹೇಳ್ದೆ ಕೇಳ್ದೆ ಒಳಿಕ್ಕೆ ನುಗ್ಗಿ ಸೊಪ್ಪು ಹಾಕವ್ಳೆ. ಕೇಳುದ್ರೆ, ನೀವಿರ್ಲಿಲ್ಲ, ಹುಳ ಹಸ್ಕಂಡಿದ್ವು ಅಂತಾಳೆ! ನಮ್ಮತ್ತೆ ಕಾಲದಿಂದ ಮಡಿ ಕಾಪಾಡ್ಕಂಡು ಬಂದ ಹುಳದ ಮನೆ. ನನ್ನ ಮಗ ಗೋವರ್ಧನ ಇವ್ಳಪ್ಪನ್ನ ಕರ್ಕಂಡು ಬರಾಕೆ ಹೋಗವ್ನೆ. ತೌರಿಗೆ ಕಳ್ಸಿ ಕೈ ತೊಳ್ಕಂತೀವಿ. ನೀನೇ ಹೇಳಮ್ಮ, ಓದಿದೋಳು. ಅಂತಾ ಮೈಲಿಗೆ ತಗುಲಿದ್ರೆ ಹುಳ ಸಾಯ್ತವಲ್ವಾ?"

ಹರಿತಾ ತಲೆಯಾಡಿಸಿದಳು.

ಅದು ತಲೆಯಾಡಿಸಿದ್ದೋ, ಉಗುಳು ನುಂಗಿದ್ದೋ, ಬಿಸಿಲಿಗೆ ಕಣ್ಣು ಕತ್ತಲೆ ಬಂದು ಕತ್ತು ಬಾಗಿದ್ದೋ ಅವಳಿಗೂ ಗೊತ್ತಾಗಲಿಲ್ಲ. ಆದರೆ ಪಾಪಕ್ಕ ಮರದ ಕಡೆ ತಿರುಗಿ, "ಕಂಡ್ಯೇನೇ? ಮೇಡಮ್ಮೇ ಹೌದು ಅಂದ್ರು!" ಎಂದು ಕೂಗಿದಳು. ಕಲ್ಲಿನ ಮೇಲಿನ ಹುಡುಗಿ ತಲೆ ಎತ್ತಿ ಹರಿತಾಳನ್ನು ನೋಡಿದಳು. ಕೋಪವಿರಲಿಲ್ಲ, ಅಳುವೂ ಇರಲಿಲ್ಲ. ಅನುಮಾನ ಪರಿಹಾರವಾದವರ ನೋಟ ಅದು. ಅಲ್ಲಿಯವರೆಗೆ ಅತ್ತೆ ಸುಮ್ಮನೆ ಬೈಯುತ್ತಾಳೆ ಎಂದು ಎಲ್ಲೋ ಒಂದು ಮೂಲೆಯಲ್ಲಿ ಅಂದುಕೊಂಡಿದ್ದಿರಬೇಕು. ಈಗ, ಮೀನಿನ ಜೀವ ಕಂಡವರೇ ಹೇಳಿದಮೇಲೆ, ಹುಳುಗಳನ್ನು ಕೊಂದದ್ದು ತಾನೇ ಎಂದು ಒಪ್ಪಿಕೊಂಡು ಅವಳು ಮತ್ತೆ ತಲೆ ತಗ್ಗಿಸಿದಳು.

ಅಯ್ಯೋ, ಏನು ಮಾಡಿದೆ ನಾನು, ಎಂದುಕೊಂಡಳು ಹರಿತಾ. ಬೆಳಿಗ್ಗೆ ಅಡುಗೆಮನೆಯಲ್ಲಿ ಆದದ್ದಕ್ಕಿಂತ ಇದು ದೊಡ್ಡ ಪೆಟ್ಟು. ಅಲ್ಲಿ ತಪ್ಪು ಮಾಡಿದವಳು ಅವ್ವ, ಪ್ರೀತಿಯಿಂದ, ತಿಳಿಯದೆ. ಇಲ್ಲಿ ತನಗೆ ಎಲ್ಲ ತಿಳಿದಿತ್ತು. ತನ್ನ ಕತ್ತು ತನ್ನನ್ನು ಕೇಳದೆ ಬಾಗಿತ್ತು, ಅಷ್ಟು ಸಲೀಸಾಗಿ, ಎಷ್ಟೋ ದಿನದ ಅಭ್ಯಾಸವಿದ್ದ ಹಾಗೆ. ಸುಣ್ಣದಂಶದ ಮಣ್ಣಿನ ಪ್ಯಾರಾ ಬರೆಯುವಾಗ ಬಾಗಿದ ಕತ್ತೂ ಅದೇ. ಮಮತಾಳ ಚೀಲದ ಬಾಯಿಂದ ಒಂದು ಬಾಚಣಿಗೆ ಇಣುಕುತ್ತಿತ್ತು. ತುಂಬಿಕೊಂಡಿದ್ದಾಳೆ, ಬಾಚಿಕೊಂಡಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಅಪ್ಪ ಬರುತ್ತಾನೆ, ಎದ್ದು ಹೋಗುತ್ತಾಳೆ, ಸ್ಪಂಜು ಉಳಿಯುತ್ತದೆ, ಪೇಟೆಂಟು ಉಳಿಯುತ್ತದೆ, ಎಲೆಪೂಜೆಯೂ ಸಾರ್ಥಕ. ಯಾರೂ ಯಾವತ್ತೂ ಕೇಳುವುದಿಲ್ಲ.

"ಪಾಪಕ್ಕ, ಆ ಹುಡುಗಿದು ಏನೂ ಇಲ್ಲ," ಎಂದಳು. ಬಾಯಿಂದ ಬಂದದ್ದು ಲ್ಯಾಬಿನ ಕನ್ನಡವಲ್ಲ, ಓಣಿಯದು. "ನೀರಿನಾಗ ಐತಿ ವಿಷ. ಸೊಪ್ಪಿಗೆ ನೀರಿಂದ ಬಂದೈತಿ, ಹುಳಕ್ಕ ಸೊಪ್ಪಿಂದ."

ಪಾಪಕ್ಕ ನಂಬಲಿಲ್ಲ. ನಂಬದೆ ನಕ್ಕಳು ಕೂಡ. "ಅವಳ ಮ್ಯಾಲೆ ಕನಿಕರಕ್ಕೆ ಅಂತೀಯ. ನೀರು ನೀನೇ ನೋಡಿದ್ದಲ್ಲಮ್ಮ."

"ನಾನು ನೋಡಿದ್ದು ಬ್ಯಾರೆ ನೀರು."

"ಯಾವ ನೀರು?"

"ನಮ್ಮವ್ವ ಕಳಿಸಿದ ನೀರು," ಎಂದಳು ಹರಿತಾ. ಹೇಳುತ್ತ ಹೋದಳು. ಪಟಿಕ, ಬಕೆಟ್ಟು, ಅಪ್ಪನ ಪಂಚೆ, ಮೂಗು ಮುಚ್ಚಿಕೊಂಡವರು, ತಳದಲ್ಲಿ ಉಳಿದ ಮಡ್ಡಿ. "ಆ ತಿಳಿ ನೀರು ನೋಡಿ ನಾನು ಸ್ಪಂಜು ಬಾಳ್ತೈತಿ ಅಂತ ಹೇಳೀನಿ. ಇಲ್ಲಿ ನಿಮ್ಮ ತೋಟಕ್ಕ ಬಂದಿದ್ದು ಆ ಮಡ್ಡಿ ಸಮೇತ. ಇವತ್ತು ಮುಂಜಾನಿ ಗೊತ್ತಾತು. ಈಗ ತಲಿ ಅಲ್ಲಾಡಿಸಿದ್ದು ಸುಳ್ಳು." ಹಾಗೆ ಹೇಳುತ್ತಲೇ ಫೋನು ತೆಗೆದು, ಪಾಪಕ್ಕನ ಎದುರಿಗೇ ಚಿರಂಜೀವಿಗೆ ಬರೆದಳು. ನನ್ನ ವರದಿ ತಪ್ಪು, ನೀರು ವಿಷ, ಈಗಲೇ ನಿಲ್ಲಿಸಿ. ಅಕ್ಷರ ತಪ್ಪಿದವು, ತಿದ್ದದೆ ಕಳಿಸಿದಳು.

ಪಾಪಕ್ಕ ಹುಳದ ಮನೆಯ ಚೌಕಟ್ಟಿಗೆ ಕೈಯೂರಿ ನಿಂತಿದ್ದಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಹರಿತಾ ಕಾದಳು. ಬೈದರೆ ಸಾಕೆಂದೂ ಆಸೆಪಟ್ಟಳು.

"ನನ್ನ ಗೂಡ್ನಾಗೇ ಅಲ್ವಾ ಮಾಡಿದ್ದು ಅದ್ನ," ಎಂದಳು ಪಾಪಕ್ಕ ಕೊನೆಗೆ, ತನಗೇ ಹೇಳಿಕೊಳ್ಳುವಂತೆ. ಆಮೇಲೆ ಮರದ ಕಡೆ ನೋಡದೆಯೇ, "ಮಮತಾ, ಏಳು. ಒಳಿಕ್ಕೆ ನಡಿ. ಚೀಲ ತಗಂಡೋಗು," ಎಂದಳು.

ಮಮತಾ ತಕ್ಷಣ ಏಳಲಿಲ್ಲ. ಅತ್ತೆಯನ್ನು ನೋಡಿದಳು, ಹರಿತಾಳನ್ನು ನೋಡಿದಳು. "ಹಂಗಾರೆ ನಾನಲ್ವಾ?" ಎಂದು ಕೇಳಿದಳು, ಬಹಳ ಮೆಲ್ಲಗೆ. ಎದ್ದು, ಚೀಲ ಎತ್ತಿಕೊಂಡು, ಒಳಗೆ ಹೋದಳು. ಹೋಗುವಾಗಲೂ ಅಂಗಳದ ಅಂಚಿನಲ್ಲೇ, ಗೋಡೆಗೆ ತಾಗದ ಹಾಗೆ ಹೋದಳು.

"ಒಳಗ ಬರ್ಲಾ ಪಾಪಕ್ಕ?" ಎಂದಳು ಹರಿತಾ. ಸತ್ತ ಹುಳು ತೆಗೆಯಲು ಕೈ ಹಚ್ಚುತ್ತೇನೆ ಎನ್ನಬೇಕೆಂದಿದ್ದಳು.

"ಬ್ಯಾಡ ಬಿಡಿ," ಎಂದಳು ಪಾಪಕ್ಕ. "ಅಲ್ಲೇ ಕೂತ್ಕಳಿ. ಗೋವರ್ಧನ ಬರ್ಲಿ, ಬೀಗ್ರು ಬರ್ಲಿ. ಅವ್ರ ಮುಂದೆಯೂ ಇದೇ ಮಾತು ಹೇಳಿ ಹೋಗಿ."

ಇಷ್ಟು ವರ್ಷ ನೀನು, ತಾಯಿ ಎಂದು ಕರೆದ ಬಾಯಿ ಈಗ ಬಿಡಿ, ಹೋಗಿ ಎನ್ನುತ್ತಿತ್ತು. ಹರಿತಾ ಮರದ ಕೆಳಗೆ ಹೋಗಿ ಕರಿಕಲ್ಲಿನ ಮೇಲೆ ಕೂತಳು. ಕಲ್ಲು ಮಮತಾ ಕೂತದ್ದಕ್ಕೆ ಇನ್ನೂ ಬೆಚ್ಚಗಿತ್ತು. ಪಾಪಕ್ಕ ಹುಳದ ಮನೆಯೊಳಗೆ ತಟ್ಟೆಗಳನ್ನು ಒಂದೊಂದಾಗಿ ಇಳಿಸುತ್ತಿದ್ದ ಸದ್ದು ಬರುತ್ತಿತ್ತು. ತೋಟದ ಕಡೆ ಹಿಪ್ಪುನೇರಳೆ ಕಣ್ಣಿಗೆ ಹೊಡೆಯುವ ಹಾಗೆ ಹಸಿರಾಗಿತ್ತು, ರೋಗದ ಗುರುತು ಒಂದೂ ಇಲ್ಲ. ತೋಟದ ತಗ್ಗಿನ ಅಂಚಿಗೆ ಬಾವಿ. ಯೂನಿಟ್ಟಿನ ಪೈಪು ಅದರ ಮೇಲ್ಗಡೆಯಿಂದಲೇ ಹಾದು ಬಂದಿತ್ತು. ಅದನ್ನು ಅವಳು ಮೊದಲೂ ನೋಡಿದ್ದಳು. ಆ ಪೈಪಿನ ಪಕ್ಕದಲ್ಲೇ ನಿಂತು ಫೋಟೊ ತೆಗೆಸಿಕೊಂಡಿದ್ದಳು.

ಮಮತಾ ಚೊಂಬು ಹಿಡಿದುಕೊಂಡು ಹೊರಗೆ ಬಂದಳು. ಮುಖ ತೊಳೆದಿದ್ದಳು, ಹಣೆಗೆ ಕುಂಕುಮ ಇಟ್ಟುಕೊಂಡಿದ್ದಳು. ಕಲ್ಲಿನ ಹತ್ತಿರ ಬರುವಾಗ, ಹೊರಗಾದ ತನಗೆ ಇಷ್ಟು ದಿನ ದೂರದಿಂದ ನೀರು ಕೊಟ್ಟ ರೂಢಿಯಲ್ಲೇ ಇರಬೇಕು, ಒಂದು ಮಾರು ದೂರದಲ್ಲಿ ನಿಂತು ಚೊಂಬು ಎತ್ತಿ ಹಿಡಿದಳು. ಹರಿತಾ ಏನೂ ಹೇಳದೆ ಮುಂದಕ್ಕೆ ಬಾಗಿ ಬೊಗಸೆ ಒಡ್ಡಿದಳು. ನೀರು ಬಿತ್ತು, ತಣ್ಣಗೆ, ತಿಳಿಯಾಗಿ, ಬೊಗಸೆಯ ತಳದಲ್ಲಿ ಅವಳ ಕೈಯ ಗೆರೆಗಳೆಲ್ಲ ಕಾಣುವಷ್ಟು ತಿಳಿಯಾಗಿ. ಬಾಯಿಗೆ ಒಯ್ಯುವಷ್ಟರಲ್ಲಿ ಮೇಲಿನಿಂದ ಬೀಳುತ್ತಿದ್ದ ಧಾರೆ ನಿಂತಿತು.

ಮಮತಾ ಚೊಂಬನ್ನು ಎದೆಗೆ ಅವುಚಿಕೊಂಡು ಬಾವಿಯ ಕಡೆ ನೋಡುತ್ತಿದ್ದಳು.

"ಮೇಡಂ," ಎಂದಳು, "ಇದ್ನ ನಾವೂ ಕುಡೀತಾ ಇದೀವಲ್ಲ?"